‘ವ್ಯಾಂಪೈರ್’ಗೆ ‘ರಕ್ತಪಿಶಾಚಿ’ ಸಾಲುತ್ತದೆಯೇ?

ಬ್ರಾಮ್ ಸ್ಟೋಕರನ ‘ಡ್ರಾಕುಲಾ’ (1897) ಮತ್ತು ಅದರ ಬೆನ್ನಿಗೆ ಹುಟ್ಟಿದ ಗೋಥಿಕ್ (ಹಳೆಯ ಕೋಟೆ, ಸಮಾಧಿಗಳ ಭಯ ತುಂಬಿದ) ಕತೆಗಳನ್ನು ಕನ್ನಡಕ್ಕೆ ತರುವವರಿಗೆ ಬೇತಾಳ, ರಕ್ತಪಿಪಾಸು, ರಕ್ತಪಿಶಾಚಿ ಎಂಬ ಮೂರು ಪದಗಳೇ ಮೊದಲು ಕೈಗೆ ಸಿಗುತ್ತವೆ. ಮೂರೂ ಒಂದೊಂದು ಕಡೆ ಸೋರುತ್ತವೆ. ಮೈಸೂರು, ಮಂಡ್ಯದ ಆಡುಮಾತು ಬಲ್ಲವರು ಇದಕ್ಕೆ ಕಿವಿಗೊಡಬೇಕು.

ಬೇತಾಳವನ್ನು ಮೊದಲೇ ಬಿಟ್ಟುಬಿಡೋಣ. ರಿಚರ್ಡ್ ಬರ್ಟನ್ 1870ರಲ್ಲಿ ವಿಕ್ರಮನ ಕತೆಗಳನ್ನು ಇಂಗ್ಲಿಷಿಗೆ ತಂದಾಗ ಬೇತಾಳನಿಗೆ ವ್ಯಾಂಪೈರ್ ಎಂದು ಹೆಸರಿಟ್ಟ. ಆದರೆ ಛಲ ಬಿಡದ ತ್ರಿವಿಕ್ರಮನ ಹೆಗಲೇರಿದವನು ಯಾರದೋ ಹೆಣ ಹೊಕ್ಕವನು, ಕತೆ ಹೇಳಿ ಒಗಟು ಒಡ್ಡುವವನು, ಕೊನೆಗೆ ರಾಜನ ಜೀವ ಉಳಿಸುವವನು. ನೆತ್ತರಿನ ಗೊಡವೆ ಅವನಿಗಿಲ್ಲ. ರಕ್ತಪಿಪಾಸುವೂ ಆಗದು. ಪತ್ರಿಕೆಗಳು ಕ್ರೂರಿಗಳಿಗೆಲ್ಲ ಬಳಸಿ ಬಳಸಿ ಅದೀಗ ಬರೀ ಬೈಗುಳವಾಗಿದೆ.

ಉಳಿದದ್ದು ರಕ್ತಪಿಶಾಚಿ. ಅದರ ತೊಡಕು ಒಂದಲ್ಲ. ನಮ್ಮ ದೆವ್ವಕ್ಕೆ ಸ್ವಂತ ಮೈಯಿಲ್ಲ. ‘ಗಾಳಿ ಸೋಕಿದೆ’, ‘ದೆವ್ವ ಮೆಟ್ಕಂಡದೆ’, ‘ಮೈಮೇಲೆ ಬಂದದೆ’ ಅನ್ನುವಾಗಲೆಲ್ಲ ಮೈ ಇನ್ನೊಬ್ಬರದು. ವ್ಯಾಂಪೈರ್ ಇದಕ್ಕೆ ತಿರುವುಮುರುವು. ತನ್ನದೇ ಹೆಣ, ತನ್ನದೇ ಹಲ್ಲು, ಹಗಲು ಮಲಗಲು ತನ್ನೂರಿನ ಮಣ್ಣು ತುಂಬಿದ ಪೆಟ್ಟಿಗೆ. ಡ್ರಾಕುಲಾ ಇಂಗ್ಲೆಂಡಿಗೆ ಸಾಗಿಸುವುದು ಅಂಥ 50 ಪೆಟ್ಟಿಗೆಗಳನ್ನು. ಇನ್ನು ‘ರಕ್ತ’ ಎಂಬ ಅರ್ಧಪದ. ರಕ್ತಬೀಜನ ಒಂದು ಹನಿಯೂ ನೆಲ ಮುಟ್ಟದಂತೆ ಕುಡಿದವಳು ಚಾಮುಂಡಿ. ದುಶ್ಶಾಸನನ ನೆತ್ತರು ಕುಡಿದವನು ಭೀಮ. ಬೆಟ್ಟದ ಕೆಳಗೇ ಇರುವ ಮೈಸೂರಿನ ಓದುಗನಿಗೆ ನೆತ್ತರು ಕುಡಿಯುವುದು ಕೇಡಿನ ಗುರುತೇ ಆಗಬೇಕಿಲ್ಲ. ಹಾಗಾಗಿ ‘ಕುಡಿ’ಗಿಂತ ‘ಹೀರು’ ಲೇಸು. ಕತ್ತಿನಲ್ಲಿ ಎರಡೇ ಎರಡು ಚುಕ್ಕಿ ಗಾಯ, ಜಿಗಣೆ ಕಚ್ಚಿದಷ್ಟು ಸದ್ದಿಲ್ಲದ ಕೆಲಸ.

ನನ್ನ ಮುಖ್ಯ ತಕರಾರು ವ್ಯಾಕರಣದ್ದು. ಪಿಶಾಚಿ ಅಂದ ಕೂಡಲೆ ಕ್ರಿಯಾಪದ ‘ಬಂತು’ ಆಗುತ್ತದೆ, ಸರ್ವನಾಮ ‘ಅದು’. ಈ ಬಗೆಯ ಕತೆಗಳ ಸೆಳೆತ ನಿಂತಿರುವುದೋ, ಆ ‘ಅದು’ ತಡವಾಗಿ ಬರುವುದರ ಮೇಲೆ. ಇಂಗ್ಲೆಂಡಿನ ವಕೀಲ ಜೊನಾಥನ್ ಹಾರ್ಕರ್ ಡ್ರಾಕುಲಾನ ದುರ್ಗಕ್ಕೆ ಬಂದಿಳಿದಾಗ ಡ್ರಾಕುಲಾ ದೊಡ್ಡ ಮನೆತನದ ಆತಿಥೇಯ: ಪೆಟ್ಟಿಗೆ ತಾವೇ ಎತ್ತಿಕೊಂಡರು, ಊಟಕ್ಕೆ ಕೂರಿಸಿದರು. ಬಹುವಚನ ಇಲ್ಲಿ ಕಡ್ಡಾಯ. ಮೂರನೇ ಅಧ್ಯಾಯದಲ್ಲಿ ಆ ಯಜಮಾನ ತಲೆಕೆಳಗಾಗಿ ಹಲ್ಲಿಯಂತೆ ಗೋಡೆಯಿಳಿಯುವುದನ್ನು ಕಂಡು, ಇವನೆಂಥ ಮನುಷ್ಯ, ಮನುಷ್ಯನ ರೂಪದ ಇದೆಂಥ ಪ್ರಾಣಿ ಎಂದು ಹಾರ್ಕರ್ ದಿನಚರಿಯಲ್ಲಿ ಬರೆಯುತ್ತಾನೆ. ‘ಅವರು’ ಕಳಚಿ ‘ಅವನು’, ‘ಅವನು’ ಕಳಚಿ ‘ಅದು’ ಆಗಬೇಕಾದ ಜಾಗ ಇದೇ. ಡ್ರಾಕುಲಾನಿಗೆ ಬಲಿಯಾಗಿ ತಾನೂ ವ್ಯಾಂಪೈರ್ ಆಗುವ ಲೂಸಿಯದು ಇನ್ನೂ ಸೂಕ್ಷ್ಮ: ಸಮಾಧಿಯೊಳಗೆ ಅವಳು ‘ಅದು’, ಗೂಟ ಹೊಡೆದ ಮೇಲೆ ಮತ್ತೆ ‘ಅವಳು’. ಕನ್ನಡದ ಬಂದರು, ಬಂದ, ಬಂತು ಇಂಗ್ಲಿಷಿಗಿಂತ ಚೆನ್ನಾಗಿ ಈ ಮೆಟ್ಟಿಲಿಳಿಯುತ್ತವೆ. ಮೊದಲ ಪುಟದಲ್ಲೇ ‘ಪಿಶಾಚಿ’ ಅಂದುಬಿಟ್ಟರೆ ಮೆಟ್ಟಿಲೇ ಇಲ್ಲ. ‘ವ್ಯಾಂಪೈರ್’ ಎರವಲಾದ್ದರಿಂದ ಅದಕ್ಕೆ ‘ಬಂದ’ವೂ ಒಗ್ಗುತ್ತದೆ, ‘ಬಂತು’ವೂ ಒಗ್ಗುತ್ತದೆ. ನಿರೂಪಣೆಗೆ ಅದನ್ನೇ ಇಟ್ಟು, ‘ರಕ್ತಪಿಶಾಚಿ’ಯನ್ನು ಊರವರ ಬಾಯಿಗೆ ಕೊಡುವುದು ನನ್ನ ಆಯ್ಕೆ. ಮೂಲದಲ್ಲೂ ಹಾಗೇ ಇದೆ: ಗಾಡಿ ಹತ್ತುವಾಗ ಜನ ಪಿಸುಗುಟ್ಟುವ ‘ಓರ್ಡೋಗ್’ (ಸೈತಾನ), ‘ವ್ರೋಲೊಕ್’ (ತೋಳಮನುಷ್ಯ ಇಲ್ಲವೇ ವ್ಯಾಂಪೈರ್) ಪದಗಳನ್ನು ಹಾರ್ಕರ್ ನಿಘಂಟು ತೆಗೆದು ನೋಡುತ್ತಾನೆ. ಕಾದಂಬರಿ ಶುರುವಾಗುವುದೇ ಪದಚರ್ಚೆಯಿಂದ!

ಸತ್ತೂ ಸಾಯದ ವ್ಯಾಂಪೈರ್‌ಗೆ ಸ್ಟೋಕರ್ ಬಳಸುವ ‘ಅನ್‌ಡೆಡ್’ಗೆ ಅಕ್ಷರಕ್ಕೆ ಅಕ್ಷರ ಹೊಂದಿಸಿದರೆ ‘ಅಮೃತ’. ಅರ್ಥ ಪೂರಾ ಎದುರು ದಿಕ್ಕಿಗೆ ಓಡುತ್ತದೆ. ‘ಜೀವಂತ ಶವ’ ನೊಂದು ಬಸವಳಿದವರಿಗೆ ಮೀಸಲಾಗಿದೆ. ‘ಎದ್ದ ಹೆಣ’ ಒರಟಾದರೂ ಸರಿ.

ಮೂಲದ ‘ಕ್ಯಾಸಲ್’ಗೆ ದುರ್ಗ ಎಂದೆನಲ್ಲ, ಅದಕ್ಕೂ ಕಾರಣವಿದೆ. ‘ಅರಮನೆ’ ಅಂದರೆ ಮೈಸೂರಿನವರ ಕಣ್ಣಿಗೆ ದಸರೆಯ ದೀಪ ಹತ್ತಿಕೊಳ್ಳುತ್ತದೆ. ‘ಕೋಟೆ’ ಅಂದರೆ ಶ್ರೀರಂಗಪಟ್ಟಣದ ಹಾಗೆ ಒಳಗೆ ಊರು, ಗುಡಿ, ಸಂತೆ. ಹೋಗಲು ಕಷ್ಟವಾದ ಜಾಗ ಎಂಬುದು ದುರ್ಗದ ಮೂಲಾರ್ಥದಲ್ಲೇ ಇದೆ.

ಎಚ್ಚರ ತಪ್ಪುವ ಇನ್ನೊಂದು ಜಾಗ ಬಾಗಿಲು. ಮನೆಯವರೊಬ್ಬರು ಕರೆಯದೆ ವ್ಯಾಂಪೈರ್ ಒಳಗೆ ಬರುವಂತಿಲ್ಲ. ಒಮ್ಮೆ ಕರೆದರೆ ಆಮೇಲೆ ಅವನ ಇಷ್ಟ. ಬಾಗಿಲ ಮೇಲೆ ‘ನಾಳೆ ಬಾ’ ಬರೆದ ನಾಡಿಗೆ ಈ ನಿಯಮವನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ನಾವು ಬೀಳ್ಕೊಡುವಾಗಲೂ ‘ಹೋಗಿ ಬನ್ನಿ’ ಅನ್ನುವವರು. ವ್ಯಾಂಪೈರ್‌ನನ್ನು ಕಳಿಸುವ ಸಂಭಾಷಣೆಯಲ್ಲಿ ಅದು ಅಭ್ಯಾಸಬಲದಿಂದ ನುಸುಳಿದರೆ, ಅವನಿಗೆ ಬೇಕಾದ ಕರೆ ಸಿಕ್ಕಿಬಿಟ್ಟಿತು. ಅನುವಾದಕ ಇಲ್ಲಿ ಅಮಂಗಳವಾದರೂ ‘ಹೋಗಿ’ ಅಂತಲೇ ಬರೆಯಬೇಕು.

ಕೊನೆಗೆ ಒಂದು ಪದ ಬೇಕಾಗಿದೆ. ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನ ಮಕ್ಕಳು ತಮ್ಮನ್ನು ಕರೆದೊಯ್ದ ಲೂಸಿಯನ್ನು ‘ಬ್ಲೂಫರ್ ಲೇಡಿ’ ಅನ್ನುತ್ತಾರೆ. ‘ಬ್ಯೂಟಿಫುಲ್’ ತೊದಲಿ ಹಾಗಾಗಿದೆ. ‘ಚೆಂದದಕ್ಕ’ವನ್ನು ‘ಸಂದಕ್ಕ’ ಮಾಡಬಹುದು. ಆದರೆ ಮಂಡ್ಯದ ಹಳ್ಳಿಗಳಲ್ಲಿ ದೊಡ್ಡವರೂ ‘ಸಂದಾಕದೆ’ ಅನ್ನುವುದರಿಂದ, ಅಲ್ಲಿಯವರ ಕಿವಿಗೆ ‘ಸಂದಕ್ಕ’ ಮಗುವಿನ ತೊದಲಾಗಿ ಕೇಳುತ್ತದೆಯೋ, ಬರೀ ಊರ ಮಾತಾಗಿಯೋ?