ಸಿ ಬ್ಲಾಕ್ ಗುಂಪಿನಲ್ಲಿ ಬ್ರಿಸ್ಟಲ್ ಜಗಳ

ನಮ್ಮ ಹಾಸ್ಟೆಲ್ ಗುಂಪಿನ ಹೆಸರು ‘ಸಿ ಬ್ಲಾಕ್ 93–97 (ಮತ್ತು ಉಮಾ)’. ಅಡ್ಮಿನ್ ನಾನು. ಶನಿವಾರ ರಾತ್ರಿ ಡಿಸೆಂಬರಿನ ರೀಯೂನಿಯನ್ ದುಡ್ಡು ಕೇಳಿ ಮೆಸೇಜ್ ಹಾಕಿದ್ದೆ. ಅದಕ್ಕೆ ಉತ್ತರ ಅನ್ನೋ ಹಾಗೆ ಗಿರಿಯ ಯೂಟ್ಯೂಬ್ ಲಿಂಕ್ ಬಂದು ಬಿತ್ತು. ಇಂಗ್ಲೆಂಡಿನ ಬ್ರಿಸ್ಟಲ್ ಊರಿನ ಸ್ಮಿತ್ ಅಂಡ್ ಮೈಟಿ ಅನ್ನೋ ಜೋಡಿಯ ಹಾಡು, ‘ವಾಕ್ ಆನ್ ಬೈ’, 1988. ಮುಂದಿನದ್ದು ಇದ್ದ ಹಾಗೇ ಇಲ್ಲಿದೆ. ವಿಷ್ಣು ಬರೆದು ಅಳಿಸಿದ ಎರಡು ಮೆಸೇಜ್ ಮಾತ್ರ ಬಿಟ್ಟಿದ್ದೀನಿ.

ಗಿರಿ: ಕೇಳ್ರೋ ಇದನ್ನ. ಮೂವತ್ತು ವರ್ಷ ಮ್ಯಾಸಿವ್ ಅಟ್ಯಾಕ್, ಪೋರ್ಟಿಸ್‌ಹೆಡ್ ಅಂತ ಅದೇ ಊರಿನ ಬ್ಯಾಂಡ್‌ಗಳನ್ನ ತಲೆ ಮೇಲೆ ಹೊತ್ಕೊಂಡು ತಿರುಗಿದ್ವಿ. ಅವರಿಗಿಂತ ಮುಂಚೆ ಇವರಿದ್ರು. ಎಲ್ಲ ಇವರಿಂದ ಕದ್ದಿದ್ದು!

ಬಸು: ಕೇಳಿದ್ನಿಪಾ. ಒಬ್ಬಾಕಿ ಹಾಡತಾಳ, ಹಿಂದ ಯಾರೋ ಡಬ್ಬಿ ಬಡೀತಾರ. ಇದರಾಗ ಕದಿಯೂದ ಏನೈತಿ?

ನಾನು: ಇನ್ನೂ ಒಂಬತ್ತು ಜನರ ದುಡ್ಡು ಬಂದಿಲ್ಲ.

ಉಮಾ: ಗಿರಿ, ಬ್ರಿಸ್ಟಲ್‌ನಲ್ಲಿ ಹದಿನೆಂಟು ವರ್ಷದಿಂದ ಇದ್ದೀನಿ ಅನ್ನೋ ಒಂದೇ ಅಧಿಕಾರದಿಂದ ಹೇಳ್ತೀನಿ, ‘ಕದ್ದರು’ ಅನ್ನೋದು ತಪ್ಪು ಕಣೋ. ಮ್ಯಾಸಿವ್ ಅಟ್ಯಾಕ್‌ನ ಮೊದಲ ಸಿಂಗಲ್ ‘ಎನಿ ಲವ್’ ಕೂಡ 1988ರದ್ದೇ. ಅದನ್ನ ಪ್ರೊಡ್ಯೂಸ್ ಮಾಡಿದ್ದರಲ್ಲಿ ರಾಬ್ ಸ್ಮಿತ್, ರೇ ಮೈಟಿ ಇಬ್ಬರ ಕೈಯೂ ಇದೆ. ಒಂದೇ ಅಡುಗೆಮನೆಯಲ್ಲಿ ಕಳ್ಳತನ ಎಲ್ಲಿಂದ ಬಂತು?

ಗಿರಿ: ಅದೇ ನಾನೂ ಹೇಳ್ತಿರೋದು! 1989ರಲ್ಲಿ ಫ್ರೆಶ್ ಫೋರ್ ಹುಡುಗರ ‘ವಿಶಿಂಗ್ ಆನ್ ಎ ಸ್ಟಾರ್’ ಬ್ರಿಟನ್ನಿನ ಚಾರ್ಟ್‌ನಲ್ಲಿ ಹತ್ತನೇ ಸ್ಥಾನಕ್ಕೆ ಹೋಯ್ತಲ್ಲ, ಮಾಡಿದ್ದು ಇವರೇ. 1990ರಲ್ಲಿ ಕಾರ್ಲ್‌ಟನ್ ಅನ್ನೋ ಹಾಡುಗಾರನ ಆಲ್ಬಂ, ಅದೂ ಇವರೇ. ಊರಿಗೆಲ್ಲ ಬಡಿಸಿ ತಾವು ಉಪವಾಸ ಮಲಗಿದೋರು.

ವಿಷ್ಣು: ಸ್ವಾಮಿ, ‘ವಾಕ್ ಆನ್ ಬೈ’ ಬರ್ಟ್ ಬ್ಯಾಕರಾಕ್ ಹಾಡು. 1964ರಲ್ಲೇ ಡಿಯಾನ್ ವಾರ್ವಿಕ್ ಹಾಡಿದ್ದು. ಬೇರೆಯವರ ಹಾಡಿಗೆ ಡ್ರಮ್ಸ್ ಸೇರಿಸಿದ್ದಕ್ಕೆ ಪಿತಾಮಹ ಪಟ್ಟವೇ? ಯಾರೂ ಕೇಳದ ಬ್ಯಾಂಡ್ ಹುಡುಕಿ ತಂದು ‘ಅಸಲಿ ಇದೇ’ ಅನ್ನೋದು ಇವನ ಹಾಸ್ಟೆಲ್ ಕಾಲದ ಚಟ.

ಗಿರಿ: ‘ಎನಿ ಲವ್’ ಕೂಡ ರೂಫಸ್–ಚಾಕಾ ಖಾನ್ ಹಾಡೇ. ಅದಕ್ಕೆ ನೀನು ಏನೂ ಅನ್ನಲ್ಲ.

ವಿಷ್ಣು: ಅನ್ನಲ್ಲ, ಯಾಕಂದ್ರೆ ಅವರು ಅಲ್ಲಿಗೇ ನಿಲ್ಲಲಿಲ್ಲ. ಇಸವಿ ನೋಡು. ಮ್ಯಾಸಿವ್ ಅಟ್ಯಾಕ್‌ನ ‘ಬ್ಲೂ ಲೈನ್ಸ್’ 1991. ಪೋರ್ಟಿಸ್‌ಹೆಡ್‌ನ ‘ಡಮ್ಮಿ’ 1994. ಅದೇ ಊರಿನ ಟ್ರಿಕಿಯ ‘ಮ್ಯಾಕ್ಸಿನ್‌ಕೇ’ 1995ರ ಫೆಬ್ರವರಿ. ನಿನ್ನ ಮಹಾಪುರುಷರ ಮೊದಲ ಆಲ್ಬಂ ‘ಬೇಸ್ ಈಸ್ ಮಟರ್ನಲ್’ ಯಾವಾಗ? 1995. ಊರಿನ ಮದುವೆಯೆಲ್ಲ ಮುಗಿದ ಮೇಲೆ ಛತ್ರ ಬುಕ್ ಮಾಡಿದ ಹಾಗಾಯ್ತು.

(ಇದಕ್ಕೆ ಹನ್ನೊಂದು ಜನ ನಗುವ ಮುಖ ಒತ್ತಿದರು. ಅವರಲ್ಲಿ ಏಳು ಮಂದಿ ದುಡ್ಡು ಕಟ್ಟಿಲ್ಲ.)

ಉಮಾ: ಛತ್ರ ಅವರು ಮೊದಲೇ ಬುಕ್ ಮಾಡಿದ್ರು ವಿಷ್ಣು, ಬೀಗ ಸಿಗಲಿಲ್ಲ. ಆ ಸಿಂಗಲ್‌ಗಳ ಗದ್ದಲ ನೋಡಿ ಲಂಡನ್ ರೆಕಾರ್ಡ್ಸ್ ಕರೆದು ಸಹಿ ಹಾಕಿಸ್ಕೊಳ್ತು. ಹಾಡು ಮಾಡ್ತಾನೇ ಇದ್ರು, ಆಲ್ಬಂ ಮಾತ್ರ ಹೊರಗೆ ಬರಲಿಲ್ಲ. ಒಪ್ಪಂದದಿಂದ ಹೊರಗೆ ಬಂದು ತಮ್ಮದೇ ಮೋರ್ ರಾಕರ್ಸ್ ಲೇಬಲ್‌ನಿಂದ ತರೋ ಹೊತ್ತಿಗೆ 95 ಆಗಿತ್ತು. ಅಷ್ಟರಲ್ಲಿ ಅವರ ಕಿವಿ ಜಂಗಲ್ ಅನ್ನೋ ವೇಗದ ಡ್ರಮ್ಸ್‌ನ ಸಂಗೀತದ ಕಡೆ ತಿರುಗಿತ್ತು. ‘ಡಮ್ಮಿ’ ಥರ ಸಿಗುತ್ತೆ ಅಂತ ಹುಡುಕಿಕೊಂಡು ಹೋದವರಿಗೆ ಅದು ಬೇರೇನೇ ಕೇಳಿಸ್ತು.

ವಿಷ್ಣು: ಹೊರಗೆ ಬಾರದ ಆಲ್ಬಂ ಲೆಕ್ಕಕ್ಕಿಲ್ಲ. ಪರೀಕ್ಷೆಗೆ ಕೂರದವನು ರ‍್ಯಾಂಕ್ ಕೇಳೋ ಹಾಗಿಲ್ಲ.

ಗಿರಿ: ಈ ಬ್ರಿಸ್ಟಲ್ ಸಂಗೀತಕ್ಕೆ ಟ್ರಿಪ್-ಹಾಪ್ ಅನ್ನೋ ಹೆಸರೇ—

ಉಮಾ: ಆ ಹೆಸರು ಬಿಡು ಮಾರಾಯ. 1994ರಲ್ಲಿ ಮಿಕ್ಸ್‌ಮ್ಯಾಗ್ ಪತ್ರಿಕೆಯವರು ಅಂಟಿಸಿದ್ದು, ಅದೂ ಕ್ಯಾಲಿಫೋರ್ನಿಯಾದ ಡಿಜೆ ಶ್ಯಾಡೋ ಬಗ್ಗೆ ಬರೀತಾ. ಇಲ್ಲಿನ ಸೇಂಟ್ ಪಾಲ್ಸ್ ಬಡಾವಣೆಯಲ್ಲಿ ಇದ್ದದ್ದು ಸೌಂಡ್ ಸಿಸ್ಟಂ. ಜಮೈಕಾ ಕಡೆಯಿಂದ ಬಂದು ನೆಲೆಸಿದವರು ಬೀರು ಗಾತ್ರದ ಪೆಟ್ಟಿಗೆ ಜೋಡಿಸಿ ರೆಗೇ ಹಾಕ್ತಿದ್ರು. ಅದರ ಮಧ್ಯೆ ಬೆಳೆದ ಹುಡುಗರ ಕೈಗೆ ಅಮೆರಿಕದ ಹಿಪ್-ಹಾಪ್ ಸಿಕ್ತು. ಗಿರಿ ಹಾಕಿದ ಹಾಡಲ್ಲಿ ಮೂರೂ ಇದೆ: ಹಿಪ್-ಹಾಪ್ ಡ್ರಮ್ಸ್, ರೆಗೇಯಿಂದ ಹುಟ್ಟಿದ ಡಬ್‌ನ ಬೇಸ್, ಮೇಲೆ ಬ್ಯಾಕರಾಕ್‌ನ ವಿರಹ.

ಬಸು: ಬೇಸ್ ಎಲ್ಲೈತಿ? ನನಗ ಕೇಳಲೇ ಇಲ್ಲ.

ಉಮಾ: ಯಾವುದರಲ್ಲಿ ಕೇಳ್ದೆ?

ಬಸು: ಫೋನಿನ್ಯಾಗ. ಅಡಿಗಿಮನ್ಯಾಗ ನಿಂತಿದ್ನಿ, ಕುಕ್ಕರ್ ಕೂಗಾಕತ್ತಿತ್ತು.

ಉಮಾ: ಅಯ್ಯೋ ಬಸೂ! ಫೋನಿನ ಸ್ಪೀಕರ್ ಉಗುರಿನಷ್ಟಿರುತ್ತೆ, 200 ಹರ್ಟ್ಸ್‌ಗಿಂತ ಕೆಳಗಿನದ್ದು ಅದರಿಂದ ಹೊರಡೋದೇ ಕಷ್ಟ. ಇವರ ಸಂಗೀತ ಶುರು ಆಗೋದೇ ಅದರ ಕೆಳಗೆ. ನೀನು ಕೇಳಿದ್ದು ಬೇಳೆ ತೆಗೆದ ಸಾರು. ಕಾರಲ್ಲಿ ಹಾಕ್ಕೊಂಡು ಕೇಳು, ಹೋಗು.

ಗಿರಿ: ಇಷ್ಟು ಒಳ್ಳೇದನ್ನ ಜಗತ್ತು ಮರೆತುಬಿಡ್ತಲ್ಲ ಅನ್ನೋದೇ ನನ್ನ ಸಂಕಟ.

ಉಮಾ: ಯಾವ ಜಗತ್ತೋ? ಇಲ್ಲಿ ಯಾರೂ ಮರೆತಿಲ್ಲ. ಫ್ರೆಶ್ ಫೋರ್‌ನ ಕ್ರಸ್ಟ್, ಸೂವ್ ಮುಂದೆ ರೋನಿ ಸೈಜ್ ಜೊತೆ ಸೇರಿ 1997ರ ಮರ್ಕ್ಯುರಿ ಸಂಗೀತ ಬಹುಮಾನ ತಗೊಂಡ್ರು. ರಾಬ್ ಸ್ಮಿತ್ ಆಮೇಲೆ ಆರ್‌ಎಸ್‌ಡಿ ಅನ್ನೋ ಹೆಸರಲ್ಲಿ ಡಬ್‌ಸ್ಟೆಪ್ ಅನ್ನೋ ಶೈಲಿಯ ಸಂಗೀತ ಮಾಡಿದ. 1985ರಿಂದ 90ರವರೆಗಿನ ಅವರ ಹಳೇ ಟೇಪುಗಳನ್ನ ಇಲ್ಲಿನವರೇ ಸೇರಿಸಿ ಹೊರಗೆ ತಂದಿದ್ದಾರೆ. ನಮಗೆ ಟಿವಿಯಲ್ಲಿ ತೋರಿಸಿದ್ದು ನಾಲ್ಕು ವಿಡಿಯೊ. ನಿನಗೆ ಮೊನ್ನೆ ಗೊತ್ತಾಯ್ತು ಅಂತ ಜಗತ್ತಿನ ಮೇಲೆ ಮರೆವಿನ ಆರೋಪ ಹೊರಿಸ್ಬೇಡ.

ಗಿರಿ ಇಪ್ಪತ್ತು ನಿಮಿಷ ಮಾತಾಡಲಿಲ್ಲ. ಅವನು ಸೋತಾಗ ಹಾಗೇ. ವೈವಾದಲ್ಲೂ ಹಾಗೇ ಇರುತ್ತಿದ್ದ.

ಬಸು: ಲೇ ಗಿರ‍್ಯಾ! ಕಾರಿನ್ಯಾಗ ಕೇಳಿದ್ನಿ. ಬಾಗಲಾ ಗಡಗಡ ಅನ್ನಾಕತ್ತೈತಿ. ಪಾರ್ಕಿಂಗ್‌ನ್ಯಾಗ ಯಾರದೋ ಸ್ಕೂಟರ್ ಅಲಾರ್ಮ್ ಹೊಡಕೊಂಡ್ತು. ನಮ್ಮನಿಯಾಕಿ ಮ್ಯಾಲಿಂದ ಬೈಯಾಕತ್ತಾಳ. ಡಬ್ಬಿ ಅಂದದ್ದು ವಾಪಸ್ ತಗೊಂಡ್ನಿ.

ವಿಷ್ಣು: ನಾನು ಹೆಡ್‌ಫೋನ್‌ನಲ್ಲೇ ಕೇಳಿದ್ದು. ಚೆನ್ನಾಗಿದೆ. ‘ಬ್ಲೂ ಲೈನ್ಸ್’ ಅಲ್ಲ. ಅಂದ ಹಾಗೆ ಗಿರಿ, 1996ರಲ್ಲಿ ನನ್ನ ‘ಡಮ್ಮಿ’ ಕ್ಯಾಸೆಟ್ ಒಯ್ದೋನು ನೀನು.

ಗಿರಿ: ಅದರ ಮೇಲೆ ಬೇರೆ ರೆಕಾರ್ಡ್ ಆಗಿಹೋಗಿದೆ ಕಣೋ. ಹಾಸ್ಟೆಲ್ ಡೇ ದಿನ ಬಸು ಹಾಡಿದ ಭಾವಗೀತೆ.

ಬಸು: ಖರೇನ? ಇನ್ನೂ ಐತೇನೋ ಅದು? ಇಲ್ಲೆ ಹಾಕಲೇ ಅದನ್ನ!

ವಿಷ್ಣು: ಪೋರ್ಟಿಸ್‌ಹೆಡ್ ಅಳಿಸಿ ಬಸೂನ ಇಟ್ಕೊಂಡಿದ್ದೀಯಾ?

ನಾನು: ಡಿಸೆಂಬರಿಗೆ ಆ ಕ್ಯಾಸೆಟ್ ತಗೊಂಡ್ ಬಾ ಗಿರಿ. ದೊಡ್ಡ ಸ್ಪೀಕರ್ ಬಾಡಿಗೆಗೆ ಹೇಳ್ತೀನಿ. ಮೊದಲು ನಿನ್ನ 2,500 ಕಳಿಸು.