ಉಣ್ಣೆಯೋ, ಉಣುಗೋ? 50 ಮೀಟರ್ ‘ಸುತ್ತಳತೆ’ ಎಂದರೆ ಎಷ್ಟು ಜಾಗ?

ಮಾಸ್ತರರೇ, ನಮಸ್ಕಾರ.
ರಕ್ತ ಹೀರುವ ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ತಡೆಯುವ ಕ್ರಿಯಾಯೋಜನೆಯ ಕನ್ನಡ ಕರಡು ತಿದ್ದಬೇಕಾಗಿದೆ. ಸಿದ್ದಾಪುರ, ಶಿರಸಿ ಕಡೆಯ ಆಶಾ ಕಾರ್ಯಕರ್ತೆಯರ ಕೈಗೆ ಹೋಗುವಂಥದ್ದು. ‘ಉಣ್ಣೆಗಳ ನಿಯಂತ್ರಣ’ ಎಂದಿದೆ. ಓದಿದರೆ ಕಂಬಳಿ ನೆನಪಾಗುತ್ತದೆ. ‘ವಿಕರ್ಷಕ ತೈಲ ಲೇಪನ’ ಎಂದಿದೆ. ‘ಮಂಗ ಸತ್ತ ಸ್ಥಳದ 50 ಮೀ. ಸುತ್ತಳತೆಯಲ್ಲಿ ಮೆಲಾಥಿಯಾನ್ ಪುಡಿ’ (ಉಣುಗು ಕೊಲ್ಲುವ ಔಷಧ) ಎಂದೂ ಇದೆ. ಯಾವುದು ಇರಲಿ, ಯಾವುದು ಹೋಗಲಿ?

ತಂಗೀ,
ಮೊದಲು ಸುತ್ತಳತೆ ತೆಗೆದುಹಾಕು. ಅದು ಬರೀ ಭಾಷೆಯ ತಪ್ಪಲ್ಲ. ಮಂಗ ಬಿದ್ದ ಜಾಗದಿಂದ ಎಲ್ಲ ಕಡೆಗೂ 50 ಮೀಟರ್ ದೂರದವರೆಗೆ ಪುಡಿ ಬೀಳಬೇಕು. ಅಂದರೆ ಸುಮಾರು 7,850 ಚದರ ಮೀಟರ್, ಹತ್ತಿರ ಹತ್ತಿರ ಎರಡು ಎಕರೆ. ಸುತ್ತಳತೆಯೇ 50 ಮೀಟರ್ ಎಂದರೆ ನಡುವಿನಿಂದ ಅಂಚಿಗೆ ಎಂಟೇ ಮೀಟರ್, ಒಟ್ಟು 200 ಚದರ ಮೀಟರ್. ನಲವತ್ತರಲ್ಲಿ ಒಂದು ಪಾಲು! ಸತ್ತ ಮಂಗನ ಮೈಬಿಟ್ಟ ಉಣುಗು ಉಳಿದ ಮೂವತ್ತೊಂಬತ್ತು ಪಾಲಿನಲ್ಲಿ ಆರಾಮಾಗಿರುತ್ತದೆ. ‘ತ್ರಿಜ್ಯ’ ಸರಿಯಾದ ಪದವೇ, ಆದರೆ ಹೈಸ್ಕೂಲು ಬಿಟ್ಟಮೇಲೆ ಯಾರ ಬಾಯಲ್ಲೂ ಇಲ್ಲ. ‘ಎಲ್ಲ ದಿಕ್ಕಿಗೂ 50 ಮೀಟರ್’ ಎನ್ನು.

ಉಣ್ಣೆ ತಪ್ಪಲ್ಲ, ನಿಘಂಟಿನಲ್ಲಿ ಎರಡೂ ಅರ್ಥ ಇವೆ. ಕಂಬಳಿಯ ಉಣ್ಣೆ ಸಂಸ್ಕೃತದ ಊರ್ಣಾದಿಂದ ಬಂದದ್ದು. ರಕ್ತ ಹೀರುವುದಕ್ಕೆ ನಮ್ಮದೇ ‘ಉಣ್ಣು’ ಮೂಲ, ತಮಿಳಿನಲ್ಲೂ ಅದು ‘ಉಣ್ಣಿ’. ಆದರೆ ಘಟ್ಟದ ಮೇಲೆ ದನ ಕಟ್ಟುವವರಿಗೆ ಅದು ಉಣುಗು. ಅದನ್ನೇ ಇಡು, ಒಮ್ಮೆ ಮಾತ್ರ ‘ಉಣುಗು (ಉಣ್ಣೆ)’ ಎಂದು ಬರೆದರೆ ಸಾಕು. ಮನುಷ್ಯರಿಗೆ ಹೆಚ್ಚಾಗಿ ಕಚ್ಚುವುದು ಅದರ ಮರಿ, ಎಳ್ಳಿಗಿಂತ ಚಿಕ್ಕದು. ದನದ ಮೈಮೇಲೆ ಉಬ್ಬಿದ ದೊಡ್ಡದನ್ನಷ್ಟೇ ನೋಡಿದವರು ಇದನ್ನು ಗಮನಿಸುವುದಿಲ್ಲ, ಹಾಗಾಗಿ ‘ಮರಿ ಉಣುಗು’ ಎಂದೇ ಬರೆ. ಇಂಗ್ಲಿಷಿನಲ್ಲಿ ಈ ಮರಿಗೆ ‘ನಿಂಫ್’ ಎನ್ನುತ್ತಾರೆ, ನಿಘಂಟು ನೋಡಿ ಹೊರಟರೆ ಅಪ್ಸರೆ ಸಿಕ್ಕಾಳು.

‘ವಿಕರ್ಷಕ’ ಬೇಡ. ಆ ತೈಲ ಎಂದರೆ ಮೈಗೆ ಹಚ್ಚುವ ಡೆಪಾ ಎಣ್ಣೆ, ಅದು ಉಣುಗನ್ನು ಕೊಲ್ಲುವುದಿಲ್ಲ, ಹತ್ತಗೊಡುವುದಿಲ್ಲ, ಅಷ್ಟೇ. ಹೀಗೆ ಬರೆ: ‘ಕಾಡಿಗೆ ಹೋಗುವ ಮುಂಚೆ ಡೆಪಾ ಎಣ್ಣೆ ಕೈಕಾಲಿಗೆ ಹಚ್ಚಿಕೊಳ್ಳಿ, ಬಂದಮೇಲೆ ಬಿಸಿನೀರು, ಸೋಪು ಹಾಕಿ ಮೀಯಿರಿ, ಬಟ್ಟೆಯನ್ನೂ ಬಿಸಿನೀರಿಗೇ ಹಾಕಿ.’

‘ಒಣ ಎಲೆ ಸಂಗ್ರಹಣೆ’ ಎಂದೇನಾದರೂ ಇದ್ದರೆ ‘ದರಕು’ ಮಾಡು. ಮಂಗ ಸತ್ತ ಬೆಟ್ಟದ ದರಕು ಕೊಟ್ಟಿಗೆಗೆ ತರಬಾರದು ಎಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಇನ್ನೊಂದು: ಎಲ್ಲಿಯೂ ‘ಮಂಗನ ಬಾವು’ ಎಂದು ನುಸುಳದಂತೆ ನೋಡಿಕೋ. ಅದು ಕೆನ್ನೆ ಊದುವ ಬೇರೆಯದೇ ಕಾಯಿಲೆ, ಮಂಗಕ್ಕೂ ಅದಕ್ಕೂ ಸಂಬಂಧವಿಲ್ಲ.

ಮಾಸ್ತರರೇ,
ಹೀಗೆ ಬರೆದೆ: ‘ಮಂಗ ಸತ್ತ ಜಾಗದಲ್ಲಿ ಗೂಟ ಹೊಡೆದು, 50 ಮೀಟರ್ ಹಗ್ಗ ಕಟ್ಟಿ, ಸುತ್ತಲೂ ತಿರುಗಿಸಿ ಗುರುತು ಹಾಕಿ, ಒಳಗೆಲ್ಲ ಪುಡಿ ಉದುರಿಸಬೇಕು.’

ತಂಗೀ,
ಮೈದಾನದಲ್ಲಾದರೆ ಸರಿ. ನಮ್ಮ ಕಾಡಿನಲ್ಲಿ ಹಗ್ಗ ಮೊದಲ ಮರಕ್ಕೇ ಸಿಕ್ಕಿಕೊಳ್ಳುತ್ತದೆ. ‘ಗೂಟದಿಂದ ಎಂಟು ದಿಕ್ಕಿಗೂ 70 ಹೆಜ್ಜೆ ನಡೆದು, ಅಲ್ಲಿಯ ಮರಕ್ಕೆ ಬಣ್ಣದ ಬಟ್ಟೆ ಕಟ್ಟಿ’ ಎಂದು ಮಾಡು. ದಿಬ್ಬ ಇದ್ದಲ್ಲಿ ಹತ್ತು ಹೆಜ್ಜೆ ಹೆಚ್ಚೇ ಇರಲಿ.