ಯುದ್ಧದ ಮಧ್ಯೆ ಬೇರೆ ಆ್ಯಪ್‌ಗೆ ಹೋಗಿ ಬಂದರೆ ಆಟ ಮೊದಲಿನಿಂದ ತೆರೆಯುತ್ತಿದೆ, ಏನು ಮಾಡಲಿ?

ಒಂಟಿಬಿಲ್ಲು:
ಸರದಿ ಪ್ರಕಾರ ಆಡುವ ಫ್ಯಾಂಟಸಿ ಆರ್‌ಪಿಜಿ (ಪಾತ್ರಗಳನ್ನು ಬೆಳೆಸಿಕೊಂಡು ಹೋಗುವ ಆಟ) ಒಂದನ್ನು ಆಂಡ್ರಾಯ್ಡ್ ಫೋನಿನಲ್ಲಿ ಆಡುತ್ತಿದ್ದೇನೆ. ಒಬ್ಬರೇ ಆಡುವಂಥದ್ದು, ನೆಟ್ ಬೇಕಿಲ್ಲ. ಯುದ್ಧ ನಡೆಯುತ್ತಿರುವಾಗ ಕಾಲ್ ಬಂದರೆ, ಅಥವಾ ಸುಮ್ನೆ ಒಂದು ಮೆಸೇಜ್ ನೋಡಿ ವಾಪಸ್ ಬಂದರೂ, ಆಟ ಮತ್ತೆ ಶುರುವಿನಿಂದ ತೆರೆಯುತ್ತದೆ. ನಿನ್ನೆ ಮೂಳೆ ಡ್ರ್ಯಾಗನ್‌ಗೆ ಎಚ್‌ಪಿ (ಜೀವಬಲ) 14 ಉಳಿದಿತ್ತು, ನನ್ನ ಬಿಲ್ಲುಗಾರ್ತಿಯ ಸರದಿ, ಒಂದು ಬಾಣ ಬಿಟ್ಟರೆ ಮುಗಿಯಿತು ಅನ್ನುವಾಗ ಕಾಲ್ ಬಂತು. ವಾಪಸ್ ಬಂದು ನೋಡಿದರೆ ಇಡೀ ಪಾರ್ಟಿ (ನನ್ನ ಪಾತ್ರಗಳ ತಂಡ) ಗುಹೆಯ ಬಾಗಿಲಲ್ಲಿ ನಿಂತಿದೆ, ಯುದ್ಧ ನಡೆದೇ ಇಲ್ಲ ಅನ್ನುವ ಹಾಗೆ. ಫೋನಿಗೆ 4 ಜಿಬಿ ರ‍್ಯಾಮ್ ಇದೆ. ರೀಸ್ಟಾರ್ಟ್ ಮಾಡಿದೆ, ಕ್ಯಾಶೆ ಕ್ಲಿಯರ್ ಮಾಡಿದೆ, ಏನೂ ಬದಲಾಗಲಿಲ್ಲ. ಒಮ್ಮೆ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿಕೊಂಡರೆ ಸರಿ ಹೋಗುತ್ತದಾ?

ಕತ್ತಲಗುಹೆ:
ಅನ್‌ಇನ್‌ಸ್ಟಾಲ್ ಮಾತ್ರ ಮಾಡಬೇಡಿ ಮಾರಾಯ್ರೇ! ಕ್ಲೌಡ್ ಸೇವ್ (ನೆಟ್‌ನಲ್ಲಿ ಉಳಿಸಿಡುವುದು) ಇಲ್ಲದ ಆಟದಲ್ಲಿ ಸೇವ್ ಫೈಲುಗಳು ಆಟದ ಜೊತೆಯಲ್ಲೇ ಇರುತ್ತವೆ. ಆಟ ತೆಗೆದರೆ ಅವೂ ಹೋಗುತ್ತವೆ. ಆಂಡ್ರಾಯ್ಡ್ ತಾನಾಗಿಯೇ ಬ್ಯಾಕಪ್ ತೆಗೆಯುತ್ತದೆ ಅಲ್ವಾ ಅಂತ ಕೇಳಬಹುದು. ತೆಗೆಯುತ್ತದೆ, ಆದರೆ ಒಂದು ಆ್ಯಪ್‌ಗೆ 25 ಎಂಬಿ ಮಾತ್ರ ಮಿತಿ, ಅದೂ ಆಟ ಮಾಡಿದವರು ಆ ಸೌಲಭ್ಯವನ್ನು ನಿಲ್ಲಿಸಿಲ್ಲದಿದ್ದರೆ. ಅದನ್ನು ನಂಬಿ ಕೂರಬೇಡಿ. ಕ್ಯಾಶೆ ಕ್ಲಿಯರ್ ಮಾಡಿದ್ದರಿಂದ ತೊಂದರೆ ಇಲ್ಲ, ಆದರೆ ಅದರ ಪಕ್ಕದಲ್ಲೇ 'ಕ್ಲಿಯರ್ ಸ್ಟೋರೇಜ್' ಅಂತ ಇನ್ನೊಂದು ಬಟನ್ ಇರುತ್ತದೆ, ಅದನ್ನು ಒತ್ತಿದರೂ ಕಥೆ ಅಷ್ಟೇ.

ಒಂದು ವಿಷಯ ಹೇಳಿ. ವಾಪಸ್ ಬಂದಾಗ ಕಂಪನಿಯ ಲೋಗೋ ಬಂದು ಆಟ ಹೊಸದಾಗಿ ಲೋಡ್ ಆಗುತ್ತದಾ, ಅಥವಾ ಪರದೆ ಕಪ್ಪಾಗಿ ಸಂಗೀತ ಮಾತ್ರ ಕೇಳಿಸುತ್ತದಾ? ಎರಡೂ ಬೇರೆ ಬೇರೆ ರೋಗ. ಸಂಗೀತ ಇದ್ದು ಚಿತ್ರ ಇಲ್ಲ ಅಂದರೆ ಆಟ ಬದುಕಿದೆ, ಗ್ರಾಫಿಕ್ಸ್ ಮತ್ತೆ ಕಟ್ಟಿಕೊಳ್ಳಲು ಅದಕ್ಕೆ ಬರುತ್ತಿಲ್ಲ ಅಂತ. ಅದಕ್ಕೆ ಅಪ್‌ಡೇಟ್ ಬಿಟ್ಟರೆ ನಿಮ್ಮ ಕೈಯಲ್ಲಿ ಹೆಚ್ಚೇನೂ ಇಲ್ಲ.

ಒಂಟಿಬಿಲ್ಲು:
ಲೋಗೋ ಬರುತ್ತದೆ. ಮೆಸೇಜ್ ನೋಡಿ ತಕ್ಷಣ ಬಂದರೆ ಕೆಲವೊಮ್ಮೆ ಯುದ್ಧ ಹಾಗೇ ಇರುತ್ತದೆ, ಕ್ಯಾಮೆರಾ ತೆರೆದರೆ ಮಾತ್ರ ಗ್ಯಾರಂಟಿ ಹೋಗುತ್ತದೆ.

ಕತ್ತಲಗುಹೆ:
ಹಾಗಾದರೆ ಗೊತ್ತಾಯಿತು. ಫೋನೇ ಆಟವನ್ನು ಮುಚ್ಚುತ್ತಿದೆ. ರ‍್ಯಾಮ್ ಸಾಲದೆ ಬಂದಾಗ ಆಂಡ್ರಾಯ್ಡ್ ಪರದೆಯ ಮೇಲೆ ಇಲ್ಲದ ಆ್ಯಪ್‌ಗಳನ್ನು ಒಂದೊಂದಾಗಿ ಕೊಲ್ಲುತ್ತದೆ. ನಿಮ್ಮ ಆಟ ದೊಡ್ಡದು, ಕ್ಯಾಮೆರಾಗೂ ಒಂದೇ ಸಲಕ್ಕೆ ಜಾಸ್ತಿ ಮೆಮೊರಿ ಬೇಕು, 4 ಜಿಬಿಯಲ್ಲಿ ಇಬ್ಬರಿಗೂ ಜಾಗ ಇಲ್ಲ.

ಮೊದಲು ಆಟದ ಆ್ಯಪ್ ಇನ್ಫೋಗೆ ಹೋಗಿ, ಬ್ಯಾಟರಿ ಅನ್ನುವಲ್ಲಿ 'ಅನ್‌ರಿಸ್ಟ್ರಿಕ್ಟೆಡ್' ಆರಿಸಿ. ಬ್ಯಾಟರಿ ಸೇವರ್ ಆಫ್ ಇರಲಿ. ಕೆಲವು ಫೋನುಗಳಲ್ಲಿ ರೀಸೆಂಟ್ ಆ್ಯಪ್‌ಗಳ ಪಟ್ಟಿಯಲ್ಲಿ ಆಟದ ಕಾರ್ಡಿಗೆ ಬೀಗದ ಗುರುತು ಹಾಕಬಹುದು, ಇದ್ದರೆ ಹಾಕಿ. ಎಂದಾದರೂ ಡೆವಲಪರ್ ಆಪ್ಶನ್ಸ್ ತೆರೆದಿದ್ದರೆ 'ಡೋಂಟ್ ಕೀಪ್ ಆ್ಯಕ್ಟಿವಿಟೀಸ್' ಆನ್ ಆಗಿ ಉಳಿದಿದೆಯಾ ಅಂತಲೂ ನೋಡಿ, ಅದು ಆನ್ ಇದ್ದರೆ ನೀವು ಬೇರೆ ಕಡೆ ಹೋದ ಕೂಡಲೇ ಹಿಂದಿನ ಪರದೆಯನ್ನು ಫೋನ್ ಕೆಡವಿ ಹಾಕುತ್ತದೆ. ಆಟದ ಸೆಟ್ಟಿಂಗ್ಸ್‌ನಲ್ಲಿ ಟೆಕ್ಸ್ಚರ್ (ವಸ್ತುಗಳ ಮೇಲ್ಮೈ ಚಿತ್ರ) ಗುಣಮಟ್ಟ ಇಳಿಸುವ ಅವಕಾಶ ಇದ್ದರೆ ಇಳಿಸಿ, ಅಲ್ಲಿ ಒಳ್ಳೆಯ ಮೆಮೊರಿ ಉಳಿಯುತ್ತದೆ. ಸೆಕೆಂಡಿಗೆ 60 ಫ್ರೇಮ್ (ಚಿತ್ರ) ಇದ್ದದ್ದನ್ನು 30 ಮಾಡಿದರೆ ರ‍್ಯಾಮ್ ಉಳಿಯುವುದಿಲ್ಲ, ಆದರೆ ಫೋನ್ ಬಿಸಿಯಾಗುವುದು ಕಡಿಮೆಯಾಗುತ್ತದೆ. ಸರದಿ ಆಟಕ್ಕೆ 60 ಯಾಕೆ ಬೇಕು ಅಂತ ನನಗಂತೂ ಇವತ್ತಿಗೂ ಅರ್ಥವಾಗಿಲ್ಲ.

ಗುರಾಣಿ:
ಇದೆಲ್ಲ ಸರಿ, ಆದರೆ ಅರ್ಧ ಮದ್ದು. ರ‍್ಯಾಮ್ ಪೂರ್ತಿ ಖಾಲಿಯಾದರೆ ಅನ್‌ರಿಸ್ಟ್ರಿಕ್ಟೆಡ್ ಅಂತ ಇಟ್ಟಿದ್ದರೂ ಫೋನ್ ಕೊಲ್ಲುತ್ತದೆ. ನಿಜವಾದ ಪ್ರಶ್ನೆ, ನಿಮ್ಮ ಆಟ ಯಾವಾಗ ಸೇವ್ ಮಾಡುತ್ತದೆ ಅನ್ನುವುದು. ಕೆಲವು ಆಟ ಪ್ರತಿ ಸರದಿ ಮುಗಿದಾಗ ಬರೆದಿಡುತ್ತವೆ, ಕೆಲವು ಹೊಸ ಜಾಗಕ್ಕೆ ಕಾಲಿಟ್ಟಾಗ ಮಾತ್ರ. ಆಟದೊಳಗೆ ಇದನ್ನು ಎಲ್ಲೂ ಬರೆದಿರುವುದಿಲ್ಲ, ನಾವೇ ಪತ್ತೆ ಮಾಡಬೇಕು.

ಹೀಗೆ ನೋಡಿ. ಮೊದಲು ಕೈಯಾರೆ ಒಂದು ಬೇರೆ ಸ್ಲಾಟಿನಲ್ಲಿ ಸೇವ್ ಮಾಡಿ. ಆಮೇಲೆ ಯಾವುದಾದರೂ ಸಣ್ಣ ಯುದ್ಧಕ್ಕೆ ಹೋಗಿ, ಎರಡು ಇಲಿ ಇದ್ದರೂ ಸಾಕು. ಒಂದು ಪೋಶನ್ (ಆಟದೊಳಗಿನ ಔಷಧಿ) ಕುಡಿಸಿ, ಸರದಿ ಮುಗಿಸಿ, ಶತ್ರುವಿನ ಸರದಿಯೂ ಮುಗಿದು ನಿಮ್ಮದು ಬಂದ ಮೇಲೆ ರೀಸೆಂಟ್ಸ್‌ನಿಂದ ಆಟವನ್ನು ತಳ್ಳಿಬಿಡಿ. ಮತ್ತೆ ತೆರೆದು ಬ್ಯಾಗ್ ನೋಡಿ. ಪೋಶನ್ ಕಡಿಮೆಯಾಗಿದ್ದು ಯುದ್ಧ ನಡೆಯುತ್ತಿದ್ದರೆ, ಸರದಿಗೊಮ್ಮೆ ಸೇವ್ ಆಗುತ್ತಿದೆ ಅಂತ. ಪೋಶನ್ ವಾಪಸ್ ಬಂದಿದ್ದರೆ ಯುದ್ಧದೊಳಗೆ ಸೇವ್ ಇಲ್ಲವೇ ಇಲ್ಲ. ಯುದ್ಧದ ಹೊರಗೂ ಹೀಗೇ ಮಾಡಿ, ಒಂದು ಪೆಟ್ಟಿಗೆ ತೆರೆದು ತಳ್ಳಿ, ಇನ್ನೊಂದು ತೆರೆದು ಬಾಗಿಲು ದಾಟಿ ತಳ್ಳಿ. ನಿಮ್ಮ ಆಟದ ಗುಣ ಗೊತ್ತಾಗುತ್ತದೆ.

ಮಂತ್ರದಂಡ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನನ್ನದು ಸರದಿಗೊಮ್ಮೆ ಸೇವ್ ಆಗುವ ಆಟ. ತಾಗುವ ಸಾಧ್ಯತೆ 85% ಅಂತ ತೋರಿಸಿದ ಹೊಡೆತ ತಪ್ಪಿತು, ಆಟ ಮುಚ್ಚಿ ತೆರೆದು ಹೊಡೆದೆ, ಮತ್ತೆ ತಪ್ಪಿತು. ಎಷ್ಟು ಸಲ ಮಾಡಿದರೂ ತಪ್ಪುತ್ತಲೇ ಇದೆ. ಸೇವ್ ಕೆಟ್ಟಿದೆಯಾ?

ಗುರಾಣಿ:
ಕೆಟ್ಟಿಲ್ಲ ಗುರು, ನಿಮ್ಮಂಥವರಿಗೇ ಅಂತ ಮಾಡಿದ್ದು ಅದು 😄 ದಾಳದ ಸಂಖ್ಯೆಗಳು ಯಾವ ಬೀಜದಿಂದ (ಸೀಡ್, ಅಂದರೆ ಲೆಕ್ಕ ಶುರುವಾಗುವ ಸಂಖ್ಯೆ) ಹುಟ್ಟುತ್ತವೋ ಅದನ್ನೂ ಸೇವ್ ಜೊತೆಯಲ್ಲೇ ಬರೆದಿಟ್ಟಿರುತ್ತಾರೆ. ಅದೇ ಕ್ರಮದಲ್ಲಿ ಅದೇ ಕೆಲಸ ಮಾಡಿದರೆ ಅದೇ ಫಲ. ಮೊದಲು ಬೇರೆ ಪಾತ್ರದಿಂದ ಹೊಡೆಸಿ, ಆ ಕೆಟ್ಟ ಸಂಖ್ಯೆ ಅಲ್ಲಿ ಖರ್ಚಾಗುತ್ತದೆ. ಇನ್ನು, ತೋರಿಸುವ ಶೇಕಡವೂ ಎಲ್ಲ ಆಟದಲ್ಲಿ ನಿಜವಲ್ಲ. ಫೈರ್ ಎಂಬ್ಲೆಮ್ ಅನ್ನುವ ಸರದಿ ಆಟಗಳ ಸರಣಿಯಲ್ಲಿ 2002ರ ಆಟದಿಂದ ಎರಡು ಸಂಖ್ಯೆ ತೆಗೆದು ಸರಾಸರಿ ಮಾಡುವ ಪದ್ಧತಿ ಬಂತು, ಅದರಲ್ಲಿ 90 ಅಂತ ತೋರಿಸಿದರೆ ನಿಜಕ್ಕೂ 98ರ ಹತ್ತಿರ ತಾಗುತ್ತದೆ. ಅದಕ್ಕೆ ಒಗ್ಗಿಕೊಂಡವರಿಗೆ ನಿಜವಾದ 85 ಸಿಕ್ಕಾಗ ಆಟ ಮೋಸ ಮಾಡುತ್ತಿದೆ ಅನ್ನಿಸುವುದು ಸಹಜ.

ಒಂಟಿಬಿಲ್ಲು:
ಮಾಡಿ ನೋಡಿದೆ. ಬ್ಯಾಟರಿ ಸೆಟ್ಟಿಂಗ್ ಬದಲಿಸಿ ಟೆಕ್ಸ್ಚರ್ ಇಳಿಸಿದ ಮೇಲೆ ಕಾಲ್, ಮೆಸೇಜ್ ಎರಡಕ್ಕೂ ಆಟ ಅಲ್ಲಾಡುತ್ತಿಲ್ಲ. ಕ್ಯಾಮೆರಾಗೆ ಈಗಲೂ ಹೋಗುತ್ತದೆ. ಇಲಿ ಪರೀಕ್ಷೆಯಲ್ಲಿ ಪೋಶನ್ ವಾಪಸ್ ಬಂತು, ಅಂದರೆ ಯುದ್ಧದೊಳಗೆ ಸೇವ್ ಇಲ್ಲ. ಬಾಗಿಲು ದಾಟಿದರೆ ಮಾತ್ರ ಬರೆಯುತ್ತದೆ. ಪೆಟ್ಟಿಗೆ ತೆರೆದ ಮೇಲೆ ಒಮ್ಮೆ ಬಾಗಿಲಾಚೆ ಹೋಗಿ ಬರುವುದನ್ನು ರೂಢಿ ಮಾಡಿಕೊಳ್ಳುತ್ತೇನೆ. ಇನ್ನೊಂದು ಪ್ರಶ್ನೆ. ಮನೆಯಲ್ಲಿ ಐಪ್ಯಾಡ್ ಇದೆ, ಅದರಲ್ಲಿ ಈ ಕಾಟ ಇರುವುದಿಲ್ಲ ಅಲ್ವಾ?

ಕತ್ತಲಗುಹೆ:
ಅಲ್ಲೂ ಇದೆ. ಮೆಮೊರಿ ಬೇಕಾದರೆ ಐಪ್ಯಾಡ್ ಕೂಡ ಹಿಂದೆ ಇರುವ ಆ್ಯಪ್ ಮುಚ್ಚುತ್ತದೆ, ಬದಲಿಸಿಕೊಳ್ಳಲು ಬ್ಯಾಟರಿ ಸೆಟ್ಟಿಂಗ್ ಕೂಡ ಸಿಗುವುದಿಲ್ಲ. ಒಂದು ಅನುಕೂಲ ಇದೆ, ಜಾಗ ಸಾಲದಿದ್ದರೆ 'ಆಫ್‌ಲೋಡ್ ಆ್ಯಪ್' ಮಾಡಬಹುದು, ಆಟ ಹೋದರೂ ಸೇವ್ ಉಳಿಯುತ್ತದೆ. ಡಿಲೀಟ್ ಮಾಡಿದರೆ ಉಳಿಯುವುದಿಲ್ಲ. ಅಲ್ಲಿ ಆಟವನ್ನು ಮತ್ತೆ ಕೊಳ್ಳಬೇಕಾಗಬಹುದು, ಆಂಡ್ರಾಯ್ಡ್ ಸೇವ್ ತಾನಾಗಿ ಅಲ್ಲಿಗೆ ಬರುವುದೂ ಇಲ್ಲ, ಆಟಕ್ಕೆ ಸ್ವಂತ ಅಕೌಂಟ್ ಇದ್ದು ಅದರಲ್ಲಿ ಕ್ಲೌಡ್ ಸೇವ್ ಇದ್ದರೆ ಮಾತ್ರ. ಹಾಗೆ ಇದ್ದು, ಮೊದಲ ಸಲ ತೆರೆದಾಗ 'ಈ ಸಾಧನದ್ದಾ, ಕ್ಲೌಡ್‌ನದ್ದಾ' ಅಂತ ಕೇಳಿದರೆ ಅವಸರ ಮಾಡಬೇಡಿ. ಎರಡರಲ್ಲೂ ಆಡಿದ ಸಮಯ, ಪಾರ್ಟಿಯ ಲೆವೆಲ್ ಎಷ್ಟಿದೆ ನೋಡಿ, ಜಾಸ್ತಿ ಇರುವುದನ್ನೇ ಒತ್ತಿ. ತಾರೀಖು ಮಾತ್ರ ನೋಡಿದರೆ, ಹೊಸದಾಗಿ ಶುರುವಾದ ಖಾಲಿ ಆಟವೇ ಇತ್ತೀಚಿನದು ಅಂತ ಕಾಣುತ್ತದೆ.